ಹಿಂದಿನ ದಿನದ ಮುಯ್ಯಾಳು

ಬೆಳಕವಾಡಿ ಕಡೆ ಕಬ್ಬು ತುಂಬುವವರಿಗೆಲ್ಲ ಶಿವರಾಜು ಗೊತ್ತು. ಇಬ್ಬರು ಸೇರಿ ಎತ್ತಿಕೊಡಬೇಕಾದ ಹೊರೆಯನ್ನು ಒಬ್ಬನೇ ತಲೆಗೇರಿಸಿಕೊಂಡು, ಲಾರಿಗೆ ಆನಿಸಿದ ಹಲಗೆಯ ಮೇಲೆ ದಡದಡನೆ ಹತ್ತಿಬಿಡುತ್ತಿದ್ದ. ನೋಡಿದವರು ಭೇಷ್ ಎನ್ನುತ್ತಿದ್ದರು. ಭೇಷ್ ಎನ್ನುವುದಕ್ಕೆ ಯಾರ ಗಂಟೂ ಕರಗುವುದಿಲ್ಲವಲ್ಲ! ಮೂವತ್ತು ದಾಟಿದರೂ ಆ ಮೈಬಲಕ್ಕೆ ತಿಂಗಳ ಸಂಬಳದ ಕೆಲಸವೊಂದು ಸಿಕ್ಕಿರಲಿಲ್ಲ. ಅಷ್ಟರಲ್ಲಿ ಲೈನ್‌ಮನ್ ಕೆಲಸಕ್ಕೆ ಅರ್ಜಿ ಕರೆದರು. ಹತ್ತನೇ ತರಗತಿಯಲ್ಲಿ ಅವನಿಗೆ ಒಳ್ಳೆಯ ಅಂಕಗಳೇ ಬಂದಿದ್ದವು. ಇನ್ನು ಕಂಬ ಹತ್ತಿ, ಓಡಿ ತೋರಿಸಿದರೆ ಆಯಿತು. ಮುಂದಿನ ಸಲ ಕರೆಯುವಷ್ಟರಲ್ಲಿ ಅವನ ವಯಸ್ಸು ಮೀರಿರುತ್ತಿತ್ತು. ಹಾಗಾಗಿ ಇದೇ ಕೊನೆಯ ಅವಕಾಶ.

ಮಳವಳ್ಳಿಯಲ್ಲಿ ಸಂಪತ್ ಕುಮಾರ ಎಂಬ ನಿವೃತ್ತ ಡ್ರಿಲ್ ಮೇಷ್ಟ್ರು ಇಂಥ ಹುಡುಗರಿಗೆ ಬೆಳಗಿನ ಹೊತ್ತು ತರಬೇತಿ ಕೊಡುತ್ತಿದ್ದರು. ಶಿವರಾಜು ತನ್ನ ಸೋದರಮಾವ ಸಿದ್ದರಾಜುವಿನ ಮಗ ರಘುನಂದನ್ ಜೊತೆ ಅಲ್ಲಿಗೆ ಸೇರಿಕೊಂಡ. ರಘುನಂದನ್ ಸಣಕಲ, ಬಿ.ಎ. ಓದಿದವನು. ಇವನೇನು ಕಂಬ ಹತ್ತಿಯಾನು ಎಂದು ಶಿವರಾಜು ಒಳಗೊಳಗೇ ನಕ್ಕಿದ್ದ. ಮೊದಲ ದಿನವೇ ಆ ನಗು ಇಳಿಯಿತು. ನೂರು ಮೀಟರ್ ಓಟದಲ್ಲಿ ಅರ್ಧ ದಾರಿಗೇ ತೊಡೆಗಳಿಗೆ ಬೆಂಕಿ ಬಿದ್ದಂತಾಯಿತು. ಕಂಬವನ್ನಂತೂ ಎರಡು ಮಾರು ಹತ್ತುವಷ್ಟರಲ್ಲಿ ಜಾರಿ ಕೆಳಗೆ ಬಂದ.

“ಹೊರೆ ಹೊತ್ತ ಮೈ ಹೊರೆ ಹೊರೋದನ್ನ ಮಾತ್ರ ಕಲಿತಿರುತ್ತೆ ಶಿವರಾಜು. ಕಂಬ ಹತ್ತೋದನ್ನ ಅದಕ್ಕೆ ಬೇರೆಯಾಗಿ ಕಲಿಸಬೇಕು,” ಎಂದರು ಮೇಷ್ಟ್ರು.

ಕಲಿಸಿದರು. ಅಡ್ಡ ಕಂಬಿಗೆ ಜೋತುಬಿದ್ದು ಮೈ ಎತ್ತುವುದು, ಮರಳಿನ ಮೂಟೆ ಹೊತ್ತು ಕೂತು ಏಳುವುದು, ಉಸಿರು ಕಟ್ಟುವಂತೆ ಓಡಿ ನಿಂತು ಮತ್ತೆ ಓಡುವುದು. ಕೆಲವೇ ವಾರಗಳಲ್ಲಿ ತೋಳು ಇದ್ದಷ್ಟೇ ಇದ್ದರೂ ಬಲ ಹೆಚ್ಚಿತು. ಮೊದಲು ನರಗಳು ಪಳಗುತ್ತವೆ, ಮಾಂಸ ಆಮೇಲೆ ತುಂಬುತ್ತದೆ ಎಂದರು ಮೇಷ್ಟ್ರು. ಅದೂ ತುಂಬಿತು, ಅಂಗಿಯ ತೋಳು ಬಿಗಿಯಾಯಿತು. ತೊಡೆಯ ಉರಿ ತಡವಾಗಿ ಬರತೊಡಗಿತು, ಬಂದರೂ ಬೇಗ ಇಳಿಯುತ್ತಿತ್ತು. ಅವನು ಕಂಬದ ತುದಿ ಮುಟ್ಟಿದ ದಿನ ಇಡೀ ಮೈದಾನ ಚಪ್ಪಾಳೆ ತಟ್ಟಿತು. ರಘುನಂದನ್ ಇನ್ನೂ ಮುಕ್ಕಾಲಿನಲ್ಲೇ ನಿಲ್ಲುತ್ತಿದ್ದ.

ಶಿವರಾಜುವಿಗೆ ಸೇರದೆ ಇದ್ದದ್ದು ಒಂದೇ, ವಾರದ ನಡುವಿನ ರಜೆ. ಮೇಷ್ಟ್ರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: “ಭಾರ ಎತ್ತುವಾಗ ಮಾಂಸದ ಎಳೆ ಒಳಗೆ ಹರಿದುಹೋಗುತ್ತೆ ಕಣ್ರಪ್ಪ. ಅದು ಕೂಡಿಕೊಂಡು ಗಟ್ಟಿಯಾಗೋದು ನೀವು ಮಲಗಿದಾಗ. ಪರೀಕ್ಷೆಗೆ ಮೊದಲಿನ ಎರಡು ದಿನ ಒಂದು ಕೊಡ ನೀರನ್ನೂ ಎತ್ತಬೇಡಿ.”

ಪರೀಕ್ಷೆಗೆ ಎರಡು ದಿನ ಉಳಿದಾಗ ಶಿವರಾಜು ಒಂದು ದಿನ ಮಲಗಿದ. ಮಾರನೆಯ ಬೆಳಿಗ್ಗೆ ಸಿದ್ದರಾಜು ಬಾಗಿಲಿಗೆ ಬಂದ.

“ಆಲೆಮನೆಯೋನು ಇವತ್ತೇ ಕಬ್ಬು ತತ್ತಾ ಅಂತಾವ್ನೆ ಕಣ್ಲಾ. ರಘುಂಗೆ ಜ್ವರ, ಮೇಲೇಳಾಕಿಲ್ಲ. ನೀನೇ ಬರ್ಬೇಕು.”

ಶಿವರಾಜು ತಾಯಿ ಚಿಕ್ಕಬೋರಮ್ಮನ ಮುಖ ನೋಡಿದ. “ನಾಳೆ ಪರೀಕ್ಸೆ ಐತಲ್ಲವ್ವ.”

ಹಿಂದಿನ ತಿಂಗಳು ಶಿವರಾಜುವಿನ ಗದ್ದೆಯ ಕಬ್ಬು ಕಡಿಯುವಾಗ ಮಾವನೂ ರಘುನಂದನ್‌ನೂ ಬಂದು ಬೆವರು ಸುರಿಸಿದ್ದರು. ಅದು ಮುಯ್ಯಾಳು. ಆಳಿಗೆ ಪ್ರತಿಯಾಗಿ ಆಳೇ ಹೋಗಬೇಕು, ಅವರು ಕರೆದ ದಿನವೇ ಹೋಗಬೇಕು. ಹೋಗದ ಮನೆಯ ಕೆಲಸಕ್ಕೆ ಮತ್ತೆ ಊರಿನಲ್ಲಿ ಯಾರೂ ಬರುವುದಿಲ್ಲ. ಚಿಕ್ಕಬೋರಮ್ಮನಿಗೆ ಅದಕ್ಕಿಂತ ದೊಡ್ಡದು, ಕರೆಯಲು ಬಂದವನು ಒಡಹುಟ್ಟಿದ ಅಣ್ಣ.

“ನಮ್ಮಣ್ಣ ಬಾಗ್ಲಿಗೆ ಬಂದವ್ನೆ, ಬರಿಗೈಲಿ ಕಳ್ಸಾದಾ? ಕಲ್ಲಿನಂತ ಮೈ ನಿಂದು. ಒಂದಿನಕ್ಕೆ ಏನೂ ಆಗಾಕಿಲ್ಲ, ಓಗು ಮಗ,” ಎಂದಳು.

ಪಾಪ, ರಘುವಿಗೇ ಜ್ವರ, ನಾಳೆ ಅವನೇನು ಮಾಡುತ್ತಾನೋ ಎಂದು ಮರುಗುತ್ತಲೇ ಶಿವರಾಜು ಮಚ್ಚು ಹಿಡಿದು ಹೋದ. ಸಂಜೆಯವರೆಗೆ ಕಡಿದ, ಕಟ್ಟಿದ, ಹೊತ್ತ. ಮನೆಗೆ ಬಂದಾಗ ಬೆರಳುಗಳು ಮಡಚಿದರೆ ಬಿಡಿಸಲು ಬರುತ್ತಿರಲಿಲ್ಲ.

ಮರುದಿನ ಮಂಡ್ಯದ ಮೈದಾನದಲ್ಲಿ ರಘುನಂದನ್ ಆಗತಾನೆ ಸ್ನಾನ ಮಾಡಿ ಬಂದವನಂತೆ ಲವಲವಿಕೆಯಿಂದಿದ್ದ. “ಜ್ವರ ಬುಡ್ತೇನ್ಲಾ?” ಎಂದು ಶಿವರಾಜು ಕೇಳಿದ. “ಹೂಂ ಬಾವ, ಬುಡ್ತು,” ಎಂದು ಅವನು ಬೇರೆ ಕಡೆ ನೋಡಿದ. ಅವನು ಹತ್ತಿದ, ಮುಕ್ಕಾಲನ್ನೂ ದಾಟಿ ತುದಿ ಮುಟ್ಟಿದ. ಶಿವರಾಜು ಅರ್ಧ ಹತ್ತುವಾಗಲೇ ಮುಂಗೈ ಸೆಟೆದುಕೊಂಡಿತು, ತೊಡೆ ನಡುಗತೊಡಗಿತು. ತಿಂಗಳುಗಟ್ಟಲೆ ಕಲಿತದ್ದೆಲ್ಲ ಮೈಯಲ್ಲೇ ಇತ್ತು, ಬೇಕಾದಾಗ ಒದಗಲಿಲ್ಲ. ಸಾಹೇಬರು ಮುಂದಿನವನ ಹೆಸರು ಕೂಗಿದರು. ಕಂಬ ಹತ್ತದವನಿಗೆ ಓಟವೂ ಇಲ್ಲ.

ರಘುನಂದನ್‌ಗೆ ಮದ್ದೂರಿನಲ್ಲಿ ಕೆಲಸವಾಯಿತು. ಸಿದ್ದರಾಜು ಬಾಡೂಟ ಹಾಕಿಸಿದ. ಶಿವರಾಜುವೂ ಹೋಗಿ ಮುದ್ದೆ ಬಡಿಸಲು ನಿಂತ. ನೆಂಟಸ್ತಿಕೆ ಅಂದರೆ ಅಷ್ಟೇ ತಾನೇ. ಎರಡು ಲೋಟ ಇಳಿಸಿದ್ದ ಸಿದ್ದರಾಜು ಪಂಕ್ತಿಯ ನಡುವೆ ನಿಂತು ಮೀಸೆ ತಿರುವಿದ.

“ಗೌರ್ಮೆಂಟ್ ಕೆಲ್ಸ ಸುಮ್ನೆ ಸಿಗ್ತದಾ? ಎಲ್ಡು ದಿನ ಮಲೀಕೋ ಅಂದಿದ್ರಂತೆ ಮೇಷ್ಟ್ರು. ಮಂಚ ಬುಟ್ಟು ಇಳೀಗೊಡ್ನಿಲ್ಲ ನಾನು. ಒಂದು ಚೆಂಬು ನೀರೂ ಎತ್ತುಸ್ನಿಲ್ಲ!”

ಶಿವರಾಜು ಮುದ್ದೆಯ ತಟ್ಟೆ ಹಿಡಿದೇ ಅವನತ್ತ ತಿರುಗಿದ. “ಜ್ವರ ಅಂದಿದ್ರಲ್ಲ ಮಾವ?”

ಸಿದ್ದರಾಜು ಪಕ್ಕದವನ ಎಲೆಗೆ ಸಾರು ಹಾಕಿಸುವ ಗಡಿಬಿಡಿಗೆ ಬಿದ್ದ. ರಘುನಂದನ್ ಎದ್ದು ಬಂದು ಮೆಲ್ಲಗೆ, “ಮೇಷ್ಟ್ರು ಹೇಳಿದ್ದು ನಿಂಗೂ ಗೊತ್ತಿತ್ತಲ್ಲ ಬಾವ, ಬರಾಕಿಲ್ಲ ಅನ್ಬೋದಿತ್ತು,” ಎಂದ.

“ಅಂತಿದ್ದೆ. ನಿಂಗೆ ಜ್ವರ ಅಂದ್ರು, ಅದ್ಕೆ ಬಂದೆ ಕಣ್ಲಾ.”

ಒಲೆಯ ಹತ್ತಿರ ನಿಂತಿದ್ದ ಚಿಕ್ಕಬೋರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಬಂದು ಮಗನ ಕೈಯಿಂದ ಮುದ್ದೆಯ ತಟ್ಟೆ ತೆಗೆದು ನೆಲಕ್ಕಿಟ್ಟಳು. “ನಡಿ,” ಎಂದಳು. ಉಂಡು ಹೋಗವ್ವ ಎಂದು ಅಣ್ಣ ಹಿಂದಿನಿಂದ ಕೂಗಿದ. ಅವಳು ತಿರುಗಲಿಲ್ಲ. ಮನೆಯ ಹತ್ತಿರ ಬಂದಾಗ ಮಗನ ತೋಳು ಹಿಡಿದುಕೊಂಡು, “ನಾನೇ ಕಳ್ಸಿದ್ನಲ್ಲ ಮಗ,” ಎಂದಳು.