ಎದುರುಮನೆಯ ಖಳನಾಯಕಿ

ಕಳೆದ ವಾರ ನನ್ನ ಗಂಟಲು ಕಟ್ಟಿತ್ತು. ದೀಪಾವಳಿ ಮುಗಿದ ಮೇಲೆ ಇಲ್ಲಿ ಎಲ್ಲರ ಗಂಟಲೂ ಕಟ್ಟುತ್ತದೆ, ಹೊಗೆಯ ಕಾಲ. ದೆಹಲಿಗೆ ಅಂಟಿಕೊಂಡ ಇಂದಿರಾಪುರಂನ ನಮ್ಮ ಸೊಸೈಟಿ ಗೇಟಿನ ಎದುರಿನ ಕಿರಾಣಿ ಅಂಗಡಿಗೆ ಹೋಗಿ ಏನಾದರೂ ಕೊಡಿ ಅಂದೆ. ಅಂಗಡಿಯ ಭಯ್ಯಾ ಹಿಂದಿನ ಡಬ್ಬಿಯಿಂದ ಒಣಕಡ್ಡಿಯಂಥದ್ದನ್ನು ತೆಗೆದು, "ಮುಲೇಠಿ ಹೈ ಮೇಡಮ್," ಎನ್ನುತ್ತಾ ಬಾಯಲ್ಲಿಟ್ಟುಕೊಂಡು ಚೀಪಲು ಹೇಳಿದ. ಮೂಗಿನ ಹತ್ತಿರ ಹಿಡಿದೆ. ಸಿಹಿ, ಮಣ್ಣು, ಹಳೆಯ ಮರದ ಪೆಟ್ಟಿಗೆ ಎಲ್ಲ ಸೇರಿದಂಥ ವಾಸನೆ. ಜ್ಯೇಷ್ಠಮಧು! ಅಲ್ಲಿಯೇ ನಿಂತು ನಗಲು ಶುರುಮಾಡಿದೆ. ಭಯ್ಯಾ ಗಾಬರಿಯಿಂದ ನೋಡಿದ. ಅವನಿಗೆ ಹೇಗೆ ಹೇಳಲಿ... ನಮ್ಮ ಎದುರುಮನೆಯ ಆಂಟಿ ಇದೇ ಕಡ್ಡಿಯನ್ನು ಎಡಗೆನ್ನೆಯೊಳಗೆ ಇಟ್ಟುಕೊಂಡೇ ಲೋಕವನ್ನು ನಾಶಮಾಡಲು ಹೊರಡುತ್ತಿದ್ದರು ಅಂತ?

ಆಗ ನಾನು ದಾವಣಗೆರೆಯಿಂದ ಇಲ್ಲಿಗೆ ಬಂದ ಹೊಸದು. ಓಖ್ಲಾದಲ್ಲಿ ಬಟ್ಟೆ ರಫ್ತು ಮಾಡುವ ಕಂಪನಿಯೊಂದರಲ್ಲಿ ಕೆಲಸ, ಏಳನೇ ಮಹಡಿಯಲ್ಲಿ ಒಂದು ಸಣ್ಣ ಬಾಡಿಗೆ ಮನೆ. ಒಂದು ಸಂಜೆ ಲಿಫ್ಟಿನ ಮುಂದೆ ನಿಂತಿದ್ದ ಹೆಂಗಸೊಬ್ಬರು ತಮ್ಮಷ್ಟಕ್ಕೆ ತಾವು, "ಇದಕ್ಕೇನು ಬಂತೋ ರೋಗ, ಮೇಲೆ ಹೋದ್ರೆ ಕೆಳಗೆ ಬರೋ ಬುದ್ಧಿ ಇಲ್ಲ," ಎಂದು ಬೈಯುತ್ತಿದ್ದರು. "ಬರುತ್ತೆ ಬಿಡಿ ಆಂಟಿ," ಎಂದು ಕನ್ನಡದಲ್ಲೇ ಅಂದೆ. ಅವರು ಕೈಯಲ್ಲಿದ್ದ ತರಕಾರಿ ಚೀಲವನ್ನು ಕೆಳಗಿಟ್ಟು, ನನ್ನ ಎರಡೂ ಕೆನ್ನೆ ಹಿಡಿದುಕೊಂಡುಬಿಟ್ಟರು. ನನ್ನ ಎದುರುಮನೆಯವರೇ ಅವರು. ಅಂಕಲ್ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಫೈಲುಗಳ ನಡುವೆ ಇದ್ದು ನಿವೃತ್ತರಾಗಿದ್ದರು. ಆಂಟಿ ತುಮಕೂರಿನವರು. ಮದುವೆಯಾಗಿ ದೆಹಲಿಗೆ ಬಂದವರು ಇಲ್ಲಿಯೇ ನೆಲೆಸಿದ್ದರು.

ನನಗೆ ಕಾಲೇಜು ಹಾಸ್ಟೆಲಿನ ದಿನಗಳಿಂದಲೂ ಅನಿಮೆಯ ಹುಚ್ಚು. ಜಪಾನಿನ ಈ ಚಿತ್ರಸರಣಿಗಳನ್ನು ಮಕ್ಕಳ ಕಾರ್ಟೂನ್ ಎಂದು ಯಾರಾದರೂ ಅಂದರೆ ಆಗ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಸತ್ತವರನ್ನು ಇಷ್ಟು ಹೊತ್ತು ನೆನೆಯುವ, ಒಂದು ಬಟ್ಟಲು ಗಂಜಿಯ ಹಬೆಯನ್ನು ಇಷ್ಟು ಪ್ರೀತಿಯಿಂದ ಬಿಡಿಸುವ, ಕೆಟ್ಟವಳು ಯಾಕೆ ಕೆಟ್ಟವಳಾದಳು ಎಂದು ನಿಂತು ವಿಚಾರಿಸುವ ಕಥೆಗಳು ಬೇರೆಲ್ಲೂ ನನಗೆ ಸಿಕ್ಕಿರಲಿಲ್ಲ. ಒಂದು ಶನಿವಾರ ಆಂಟಿ ಹುಳಿಯ ಪಾತ್ರೆ ಹಿಡಿದು ಬಂದಾಗ ನನ್ನ ಟೀವಿಯಲ್ಲಿ ಹುಡುಗಿಯೊಬ್ಬಳು ಅಳುತ್ತಾ ನಿಂತಿದ್ದಳು.

"ಇದೇನೇ, ಈ ವಯಸ್ಸಿನಲ್ಲಿ ಬೊಂಬೆ ನೋಡ್ತೀಯಾ?"

ನಾನು ಭಾಷಣಕ್ಕೆ ಸಿದ್ಧಳಾದೆ. ಅಷ್ಟರಲ್ಲಿ ಅವರು ಕುರ್ಚಿ ಎಳೆದುಕೊಂಡು ಕೂತಾಗಿತ್ತು. "ಕಣ್ಣು ಯಾಕೆ ಇಷ್ಟು ದೊಡ್ಡದು?" ಎಂದರು. ಸ್ವಲ್ಪ ಹೊತ್ತು ನೋಡಿ, "ಅಳೋಕೆ ಜಾಗ ಬೇಕಲ್ಲ, ಅದಕ್ಕೇ," ಎಂದು ತಾವೇ ಉತ್ತರ ಹೇಳಿಕೊಂಡರು. ಹುಳಿ ಆರಿಹೋಯಿತು. ನಾವು ಮೂರು ಭಾಗ ನೋಡಿ ಮುಗಿಸಿದ್ದೆವು.

ಆ ಸರಣಿ ಅಕ್ಕ ತಂಗಿಯರದು. ಗಾಳಿಪಟ ಕಟ್ಟಿ ಅದರಲ್ಲಿ ಕೂತು ಹಾರುವ ಬೆಟ್ಟದ ಜನ. ಒಂದು ಬಿರುಗಾಳಿಯಲ್ಲಿ ಅವರಿಬ್ಬರ ತಾಯಿ ಸಾಯುತ್ತಾಳೆ. ಅಕ್ಕ ಯಾರಿಗೂ ಹೇಳದೆ ಗಾಳಿಯನ್ನೆಲ್ಲ ಹಿಡಿದು ಕೋಟೆಯೊಳಗೆ ಬೀಗ ಹಾಕುತ್ತಾಳೆ. ಗಾಳಿಪಟಗಳು ನೆಲಕ್ಕೆ ಬೀಳುತ್ತವೆ, ಬೆಟ್ಟದ ಬದುಕು ನಿಂತುಹೋಗುತ್ತದೆ. ತಂಗಿ ಆ ಕೋಟೆ ಹುಡುಕಿಕೊಂಡು ಹೊರಡುತ್ತಾಳೆ. ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುವ ವೇಗಕ್ಕೆ ಆಂಟಿಯ ಕನ್ನಡಕ ಸಾಲುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ.

ಆಂಟಿ ಮೊದಲ ದಿನದಿಂದಲೂ ಖಳನಾಯಕಿಯಾದ ಆ ಅಕ್ಕನ ಕಡೆ. "ಹೀರೋಗಳು ಬರೀ ಕಿರಚ್ತಾರೆ ಕಣೇ. ಕೆಲಸ ಎಲ್ಲ ಮಾಡೋದು ವಿಲನ್ನೇ. ಅವಳಿಗೊಂದು ಪ್ಲಾನ್ ಇದೆ, ಟೈಮ್ ಟೇಬಲ್ ಇದೆ. ನಿಮ್ಮ ಅಂಕಲ್ ಆಫೀಸಲ್ಲಿ ಇಂಥವಳು ಒಬ್ಬಳಿದ್ದಿದ್ರೆ ಫೈಲುಗಳೆಲ್ಲ ಎಂದೋ ಮುಗೀತಿತ್ತು." ಪೇಪರ್ ಓದುತ್ತಿದ್ದ ಅಂಕಲ್ ತಲೆ ಎತ್ತದೆ, "ಇದ್ದಳಲ್ಲ, ಮನೇಲಿ," ಎನ್ನುತ್ತಿದ್ದರು.

ಕೊನೆಗೆ ಅಕ್ಕ ತಂಗಿ ಒಂದಾಗಲೇಬೇಕು, ಇಂಥ ಕಥೆಗಳ ಆಳದಲ್ಲಿರುವುದು ಕ್ಷಮೆ ಎಂದು ನಾನು ಒಮ್ಮೆ ವಾದಿಸಿದೆ. ಆಂಟಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. "ಬೊಂಬೆಗಳಿಗೆ ಕ್ಷಮೆ ಸುಲಭ. ಬರೆದವರು ತಿರುಗಿಸಿದ ಕಡೆ ತಿರುಗುತ್ತವೆ," ಎಂದರು. ಆಮೇಲೆ ಅವರೇ ಹೇಳಿದರು. ತುಮಕೂರಿನಲ್ಲಿ ಅವರಿಗೊಬ್ಬಳು ತಂಗಿ ಇದ್ದಳು. ತಾಯಿ ಕೊನೆಯ ಸಲ ಆಸ್ಪತ್ರೆ ಸೇರಿದಾಗ, ದೂರದಲ್ಲಿರುವ ಅಕ್ಕ ಹೆದರಬಾರದು ಎಂದು ಆ ತಂಗಿ ಫೋನಿನಲ್ಲಿ "ಸ್ವಲ್ಪ ಜ್ವರ" ಎಂದಷ್ಟೇ ಹೇಳಿದ್ದಳು. ನಿಜ ತಿಳಿದು ಆಂಟಿ ರೈಲು ಹತ್ತಿ ಹೋಗಿ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಅಮ್ಮನ ಮುಖ ನೋಡೋ ಹಾಗೆ ಮಾಡ್ಲಿಲ್ಲ ಅವಳು. ಅಲ್ಲಿಗೆ ಮಾತು ನಿಂತುಹೋಯ್ತು." ಆಗಿ ಎಷ್ಟೋ ವರ್ಷಗಳಾಗಿದ್ದವು...

ಭಾನುವಾರ ಬೆಳಗ್ಗೆ ಆಂಟಿ ನಮ್ಮ ಸೊಸೈಟಿಯ ಕನ್ನಡ ಮನೆಗಳ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದರು. ಮಕ್ಕಳು ತೂಕಡಿಸುತ್ತಿದ್ದವು. ಮೂರನೇ ಮಹಡಿಯ ಹುಡುಗಿ, ಎಂಟೋ ಒಂಬತ್ತೋ ವಯಸ್ಸು, ಮಾತಾಡಲು ಬರುವುದಿಲ್ಲ ಎಂದು ಅರ್ಧ ಹಿಂದಿಯಲ್ಲಿ ನೇರವಾಗಿಯೇ ಹೇಳಿದಳು: "ಅಜ್ಜಿ, ನನಗೆ ಕನ್ನಡ ಸಮಝ್ ಆಗುತ್ತೆ, ಬೋಲ್ನಾ ಬರಲ್ಲ. ಬೋರ್ ಆಗುತ್ತೆ." ಆಂಟಿ ಪುಸ್ತಕ ಮುಚ್ಚಿ, ಎಲ್ಲರನ್ನೂ ಕರೆದುಕೊಂಡು ನನ್ನ ಮನೆಗೆ ನುಗ್ಗಿದರು. "ನಿನ್ನ ಗಾಳಿಪಟ ಹಾಕು."

ಮಕ್ಕಳಿಗೆ ಕಥೆ ಹಿಡಿಸಿತು. ಆದರೆ ನಾನೊಬ್ಬಳೇ ಎಲ್ಲ ಪಾತ್ರಗಳ ಮಾತನ್ನೂ ಒಂದೇ ದನಿಯಲ್ಲಿ ಹೇಳುವುದು ಆಂಟಿಗೆ ಸಹಿಸಲಾಗಲಿಲ್ಲ. "ಅವಳು ಗಾಳಿಗೇ ಬೀಗ ಹಾಕೋ ಹೆಂಗಸು, ನೀನು ಲಿಫ್ಟಿನ ಅನೌನ್ಸ್‌ಮೆಂಟ್ ಥರ ಹೇಳ್ತೀಯಲ್ಲ! ಟೀವಿ ಬಾಯಿ ಮುಚ್ಚಿಸು." ನಾನು ಮ್ಯೂಟ್ ಒತ್ತಿದೆ. ಆಂಟಿ ಎದ್ದು ನಿಂತು, ಸೆರಗು ಸಿಕ್ಕಿಸಿಕೊಂಡು, ಗುಹೆಯಿಂದ ಬಂದಂಥ ದನಿಯಲ್ಲಿ ಗುಡುಗಿದರು: "ಎಲೈ ಬೆಟ್ಟದ ಜನರೇ! ಇನ್ನು ಮುಂದೆ ನಿಮ್ಮ ಒಗೆದ ಬಟ್ಟೆ ಕೂಡ ಒಣಗುವುದಿಲ್ಲ!"

ಮಕ್ಕಳು ನೆಲದ ಮೇಲೆ ಬಿದ್ದು ಹೊರಳಾಡಿದವು. ಅಲ್ಲಿಂದ ಅದೇ ನಮ್ಮ ಕನ್ನಡ ಕ್ಲಾಸು. ಒಂದು ದೃಶ್ಯವನ್ನು ಮೊದಲು ದನಿಯ ಸಮೇತ ನೋಡುವುದು, ನಾನು ಅರ್ಥ ಹೇಳುವುದು, ಆಮೇಲೆ ಮ್ಯೂಟ್ ಮಾಡಿ ಅದನ್ನೇ ಮತ್ತೆ ಹಾಕಿದಾಗ ಅವರವರು ತಮ್ಮ ತಮ್ಮ ಮಾತಿನಲ್ಲಿ ಆಡುವುದು. ತಂಗಿಯ ಪಾತ್ರ ಮೂರನೇ ಮಹಡಿಯ ಹುಡುಗಿಗೆ ಹೋಯಿತು. ಅಂಕಲ್‌ಗೆ ಗಾಳಿಯ ಜವಾಬ್ದಾರಿ. ಖಾಲಿ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದುವುದು, ಬಿರುಗಾಳಿ ಬಂದರೆ ಬೆಡ್‌ಶೀಟ್ ಒದರುವುದು. ಗಾಳಿಯನ್ನು ಬೀಗ ಹಾಕಿಟ್ಟಿದ್ದರಿಂದ ಅವರಿಗೆ ಕೆಲಸ ಕಡಿಮೆ, ಅದೇ ಅವರ ದೂರು. ಆಂಟಿ ಗಂಟಲು ಸರಿಯಾಗಿರಲಿ ಎಂದು ಜ್ಯೇಷ್ಠಮಧು ಚೀಪಲು ಹತ್ತಿದ್ದು ಆಗಲೇ.

ಸರಣಿ ಕೊನೆಗೆ ಬರುತ್ತಿತ್ತು. ತಂಗಿ ಕೋಟೆಯ ಮೇಲೇರಿ, "ಯಾಕೆ ನನಗೂ ಹೇಳದೆ ಹೀಗೆ ಮಾಡಿದೆ?" ಎಂದು ಕೇಳುವ ದೃಶ್ಯ. ಅಕ್ಕ ಹೇಳುವುದಿಷ್ಟೇ: ನಿನಗೆ ಭಯ ಆಗಬಾರದು ಅಂತ ನಿನಗೆ ಹೇಳಲಿಲ್ಲ. ನಾನು ಅರ್ಥ ಹೇಳಿದೆ. ಹೇಳಿದ ಮೇಲೆ ನನಗೇ ತಿಳಿಯಿತು, ಯಾರ ಮುಂದೆ ಏನು ಹೇಳಿದೆ ಅಂತ. ಆಂಟಿ ಟೀವಿಯನ್ನೇ ನೋಡುತ್ತಿದ್ದರು. "ಹಾಕು," ಎಂದರು.

ದನಿಯಿಲ್ಲದ ಚಿತ್ರ ಓಡಿತು. ಹುಡುಗಿ ತನ್ನ ಪ್ರಶ್ನೆ ಕೇಳಿದಳು. ಆಂಟಿ ಗುಡುಗಲಿಲ್ಲ. ತಮ್ಮದೇ ಸ್ವಂತ ದನಿಯಲ್ಲಿ, "ನಿನಗೆ ಭಯ ಆಗಬಾರದು ಅಂತ..." ಎಂದರು. ಪರದೆಯ ಮೇಲೆ ಅಕ್ಕನ ತುಟಿ ಆಡುತ್ತಲೇ ಇತ್ತು. ಅಂಕಲ್ ಬಾಟಲಿ ಕೆಳಗಿಟ್ಟರು.

ಮಕ್ಕಳು ಇದನ್ನು ನಟನೆ ಎಂದುಕೊಂಡವು. ತಂಗಿಯಾಗಿದ್ದ ಹುಡುಗಿ ತನ್ನ ಸರದಿ ಬಂತು ಎಂದುಕೊಂಡು, ಮೂಲದಲ್ಲಿ ಇಲ್ಲದ್ದನ್ನು ಹೇಳಿಬಿಟ್ಟಳು: "ಅರೆ ಅಕ್ಕಾ, ಹೇಳ್ಬೇಕಿತ್ತು ನಾ! ಇಬ್ಬರೂ ಸಾಥ್ ಮೇ... ಜೊತೆಗೆ ಅಳ್ತಿದ್ವಿ."

ಆಂಟಿ ಅವಳನ್ನು ಎಳೆದು ಅಪ್ಪಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ, ಎರಡೂ ಇತ್ತು. "ಬೋಲ್ನಾ ಬರಲ್ಲ ಅಂದವಳು ನೀನೇನೇ?" ಎಂದು ಅವಳ ತಲೆ ನೇವರಿಸುತ್ತಲೇ ಇದ್ದರು. ಕ್ಲಾಸು ಅಲ್ಲಿಗೆ ಮುಗಿಯಿತು. ಎಲ್ಲರಿಗೂ ಉಪ್ಪಿಟ್ಟು ಸಿಕ್ಕಿತು.

ಮಾರನೆಯ ಸಂಜೆ ನಾನು ಓಖ್ಲಾದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಆಂಟಿ ಬಾಗಿಲಲ್ಲಿದ್ದರು. "ಒಂದು ಫೋನ್ ಮಾಡ್ಬೇಕು. ನನ್ನ ಪಕ್ಕ ಕೂತ್ಕೋ." ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಒಂದು ಗಾಬರಿಯ ದನಿ: "ಅಕ್ಕಾ? ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ ಕಣೇ," ಎಂದರು ಆಂಟಿ. "ಇಲ್ಲೊಂದು ಕಾರ್ಟೂನ್ ಇದೆ. ಅದರ ಕಥೆ ಹೇಳೋಣ ಅಂತ ಫೋನ್ ಮಾಡ್ದೆ."

ಹೇಳಿದರು ಕೂಡ. ತಾಯಿ, ಬಿರುಗಾಳಿ, ಬೀಗ ಹಾಕಿದ ಗಾಳಿ, ಒಣಗದ ಬಟ್ಟೆ, ಏನನ್ನೂ ಬಿಡದೆ. ಕೋಟೆಯ ಮೇಲಿನ ಮಾತು ಬಂದಾಗ ಆ ಕಡೆ ಅಳು ಕೇಳಿಸಿತು. ಆಂಟಿ, "ನೀನೂ ಹೇಳ್ಬೇಕಿತ್ತು ಕಣೇ. ನಾನೂ ಕೇಳ್ಬೇಕಿತ್ತು," ಎಂದರು. ನಾನು ಮೆಲ್ಲನೆ ಎದ್ದು ಹೊರಗೆ ಬಂದೆ. ಕಾರಿಡಾರಿನಲ್ಲಿ ಅಂಕಲ್ ಅತ್ತಿಂದಿತ್ತ ಓಡಾಡುತ್ತಿದ್ದರು. "ಮಾತಾಡ್ತಿದ್ದಾಳಾ?" ಎಂದು ಕೇಳಿದರು. ಹೌದೆಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

ಸಂಕ್ರಾಂತಿಗೆ ಆಂಟಿಯ ತಂಗಿ ಬಂದರು. ಮಂಜು ಕವಿದು ರೈಲು ಎಷ್ಟೋ ತಡವಾಗಿ, ಸ್ಟೇಷನ್ನಿನಲ್ಲಿ ಅಕ್ಕ ತಂಗಿ ಮಂಕಿ ಕ್ಯಾಪ್ ಹಾಕಿಕೊಂಡು ಒಬ್ಬರನ್ನೊಬ್ಬರು ಗುರುತಿಸಲಾಗದೆ ದಾಟಿ ಹೋದರಂತೆ. ಸೊಸೈಟಿಯ ಕನ್ನಡದವರೆಲ್ಲ ಕ್ಲಬ್‌ಹೌಸಿನಲ್ಲಿ ಎಳ್ಳು ಬೆಲ್ಲಕ್ಕೆ ಸೇರಿದ್ದರು. ಕೊನೆಯ ಭಾಗವನ್ನು ಅಲ್ಲಿ ದೊಡ್ಡ ಪರದೆಯ ಮೇಲೆ ಆಡಿ ತೋರಿಸುವುದೆಂದು ಮಕ್ಕಳು ಹಟ ಹಿಡಿದಿದ್ದವು. ಅಕ್ಕನ ದನಿ ಆಂಟಿಯದು. ಮೂರನೇ ಮಹಡಿಯ ಹುಡುಗಿ ತಂಗಿಯ ಪಾತ್ರವನ್ನು ತಾನಾಗಿಯೇ ಆಂಟಿಯ ತಂಗಿಗೆ ಬಿಟ್ಟುಕೊಟ್ಟಳು. "ಇವರು ಅಸಲೀ ತಂಗಿ ಅಲ್ವಾ," ಎಂದು ದೊಡ್ಡ ಮನಸ್ಸು ಮಾಡಿದಳು.

ಶುರುವಾಗಿ ಸ್ವಲ್ಪ ಹೊತ್ತಿಗೆ ನೆಟ್ ಕೈಕೊಟ್ಟಿತು. ಪರದೆಯ ಮೇಲೆ ಅಕ್ಕ ತಂಗಿ ಎದುರುಬದುರು ನಿಂತಲ್ಲೇ ನಿಂತುಬಿಟ್ಟರು, ನಡುವೆ ಒಂದು ಚಕ್ರ ತಿರುಗತೊಡಗಿತು. ನಾನು ಲ್ಯಾಪ್‌ಟಾಪಿನ ಮುಂದೆ ಬೆವರುತ್ತಿದ್ದೆ. ಆಂಟಿ ನಿಲ್ಲಿಸಲಿಲ್ಲ.

"ತಂಗೀ! ಗಾಳಿ ಬೇಕು ಅಂತ ಬಂದೆಯಲ್ಲ, ಚಿಕ್ಕಂದಿನಲ್ಲಿ ನನ್ನ ಕೆಂಪು ಲಂಗ ಹಾಕ್ಕೊಂಡು ಹೋಗಿ ಮುಳ್ಳಿಗೆ ಹರಿದವಳು ಯಾರು?"

ತಂಗಿ ಮೈಕ್ ಗಟ್ಟಿಯಾಗಿ ಹಿಡಿದರು. "ಅಕ್ಕಾ! ಆ ಲಂಗ ಅಮ್ಮ ನನಗೇ ಅಂತ ಹೊಲಿಸಿದ್ದು! ನೀನು ಕದ್ದಿದ್ದೆ!"

ಇಡೀ ಕ್ಲಬ್‌ಹೌಸ್ ನಗೆಯಿಂದ ನಡುಗಿತು. ಚಕ್ರ ತಿರುಗುತ್ತಲೇ ಇತ್ತು. ಕೆಂಪು ಲಂಗದಿಂದ ಮಾವಿನಕಾಯಿಗೆ, ಅಲ್ಲಿಂದ ಅಮ್ಮ ಯಾರಿಗೆ ಹೆಚ್ಚು ಕೆನೆ ಹಾಕುತ್ತಿದ್ದಳು ಎನ್ನುವಲ್ಲಿಗೆ ಜಗಳ ಹೋಯಿತು. ಅಮ್ಮನ ಹೆಸರು ಇಬ್ಬರ ಬಾಯಲ್ಲೂ ನಗುನಗುತ್ತಾ ಬರುತ್ತಿತ್ತು. ಅಂಕಲ್ ತಡೆಯಲಾರದೆ ಬೆಡ್‌ಶೀಟ್ ಒದರಿ ಬಿರುಗಾಳಿ ಎಬ್ಬಿಸಿದರು, ತಟ್ಟೆಯ ಎಳ್ಳು ಬೆಲ್ಲವೆಲ್ಲ ಹಾರಿತು. ನೆಟ್ ಮರಳಿ ಬಂದಾಗ ಯಾರೂ ಪರದೆಯ ಕಡೆ ನೋಡಲಿಲ್ಲ. ಅನಿಮೆಯ ಆಳ, ಅರ್ಥ ಅಂತೆಲ್ಲ ನಾನು ಎಷ್ಟೋ ವಾದಿಸಿದ್ದೇನೆ. ಆ ಮಧ್ಯಾಹ್ನದ ಮುಂದೆ ಅವೆಲ್ಲ ತೆಳುವಾಗಿ ಕಾಣುತ್ತವೆ. ಒಳ್ಳೆಯ ಕಥೆ ನಮ್ಮ ಬಾಯಿಗೆ ಬೇರೆಯವರ ಮಾತನ್ನು ಒಮ್ಮೆ ಇಟ್ಟು ನೋಡುತ್ತದೆ, ಅಷ್ಟೇ. ಉಳಿದದ್ದನ್ನು ನಾವು ಮಾಡಬೇಕು.

ಆ ವರ್ಷವೇ ಅಂಕಲ್ ಆಂಟಿ ತುಮಕೂರಿಗೆ ಹೊರಟರು, ತಂಗಿಯ ಬೀದಿಯಲ್ಲೇ ಮನೆ ಹಿಡಿದರು. ಆಂಟಿ ಆಗಾಗ ಫೋನ್ ಮಾಡಿ ತಂಗಿಯ ಮೇಲೆ ದೂರು ಹೇಳುತ್ತಿದ್ದರು. ಅವಳಿಗೆ ಹೀರೋಗಳೇ ಇಷ್ಟ, ಬುದ್ಧಿ ಇಲ್ಲ, ಎಷ್ಟು ಹೇಳಿದರೂ ಕೇಳಲ್ಲ... ಅಷ್ಟು ಸಂತೋಷದ ದೂರುಗಳನ್ನು ನಾನು ಬೇರೆ ಯಾರಿಂದಲೂ ಕೇಳಿಲ್ಲ.

ಹೋದ ಮಳೆಗಾಲದಲ್ಲಿ ತಂಗಿಯೇ ಫೋನ್ ಮಾಡಿದರು. ಕೆಲವು ದಿನಗಳ ಕಾಯಿಲೆ, ಆಂಟಿ ಹೋಗಿಬಿಟ್ಟಿದ್ದರು. ಅವರು ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ಎಲ್ಲವನ್ನೂ ಹೇಳಿದರು, ಇಬ್ಬರೂ ಜೊತೆಯಲ್ಲೇ ಅತ್ತೆವು.

ಎದುರುಮನೆಗೆ ಈಗ ಪಾಟ್ನಾದ ದಂಪತಿ ಬಂದಿದ್ದಾರೆ. ಒಳ್ಳೆಯವರು, ಛಠ್ ಹಬ್ಬಕ್ಕೆ ಸಿಹಿ ಕೊಟ್ಟು ಹೋದರು. ಈ ವಾರ ನಾನು ಹೊಸದೊಂದು ಸರಣಿ ಶುರುಮಾಡಿದ್ದೇನೆ. ಅದರಲ್ಲಿ ಮುದುಕಿಯೊಬ್ಬಳು ಊರಿನವರ ಕನಸುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಹೋಗುತ್ತಾಳೆ, ಯಾಕೆಂದು ಇನ್ನೂ ಹೇಳಿಲ್ಲ. ನಾಲ್ಕು ಭಾಗ ನೋಡಿದರೂ ಅವಳು ಒಳ್ಳೆಯವಳೋ ಕೆಟ್ಟವಳೋ ತೀರ್ಮಾನಿಸಲು ನನ್ನಿಂದ ಆಗಿಲ್ಲ. ಆಂಟಿ ಇದ್ದಿದ್ದರೆ ಮುದುಕಿ ಬುಟ್ಟಿ ಎತ್ತಿಕೊಳ್ಳುವಾಗಲೇ ಅವಳ ಪರವಾಗಿ ವಾದ ಶುರುಮಾಡುತ್ತಿದ್ದರು, ನಾನು ವಿರುದ್ಧ ನಿಲ್ಲುತ್ತಿದ್ದೆ. ಈಗ ಎರಡೂ ಕಡೆಯ ಮಾತನ್ನು ನಾನೊಬ್ಬಳೇ ಆಡಿಕೊಂಡು, ಐದನೇ ಭಾಗ ಹಾಕುತ್ತೇನೆ.