ಸೋಮವಾರ ಬೆಳಗಿನ ಅಳತೆ

ಸೇದುವ ಬಾವಿಗೆ ಇಣುಕಿದರೆ ನಮ್ಮ ಮುಖವಾದರೂ ಕಾಣುತ್ತದೆ. ಬೋರ್‌ವೆಲ್ಲಿನಲ್ಲಿ ಅದೂ ಇಲ್ಲ. ಅಂಗೈಯಗಲದ ಕತ್ತಲೆ, ಅಷ್ಟೇ. ಹೆಚ್ಚು ಮಾತಾಡದ ನನಗೆ ಭೂಗರ್ಭಶಾಸ್ತ್ರ ಹಿಡಿಸಿದ್ದು ಬಹುಶಃ ಇದಕ್ಕೇ. ಕಲ್ಲು ಯಾರ ಯೋಗಕ್ಷೇಮವನ್ನೂ ವಿಚಾರಿಸುವುದಿಲ್ಲ.

ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳು. ಅವನ್ನು ಕಟ್ಟುತ್ತಿದ್ದ ಕೂಲಿಕಾರರ ಗುಡಿಸಲುಗಳ ಬಸ್ತಿಗೆ ಸರ್ಕಾರಿ ಬೋರ್‌ವೆಲ್ಲೊಂದೇ ಗತಿ. ಅದು ಎಷ್ಟು ಹೊತ್ತು ಓಡಬೇಕೆಂದು ಹೇಳುವುದು ನನ್ನ ಕೆಲಸ. ನೀರಿನ ಮಟ್ಟ ಅಳೆದೆ. "ದಿನಕ್ಕೆ ಆರು ಗಂಟೆ, ಎಡೆಬಿಡದೆ" ಎಂದು ಬರೆದು, ಸಹಿ ಮಾಡಿ, ಪಂಪ್‌ಮನೆಯ ಗೋಡೆಗೆ ಅಂಟಿಸಿದೆ. ಅಕ್ಷರಗಳು ದುಂಡಗಿದ್ದವು.

ಮೂರನೆಯ ದಿನ ಮಧ್ಯಾಹ್ನ ಹೋದಾಗ, ಮೋಟಾರು ನೋಡಿಕೊಳ್ಳುವ ಬೀದರ್ ಕಡೆಯ ಶರಣಪ್ಪ ಪೈಪಿನ ಮೇಲೆ ಅಂಗೈ ಇಟ್ಟು ನಿಂತಿದ್ದರು.

"ಬಂದ್ ಮಾಡ್ಲೇನ್ರಿ ಮೇಡಂ? ಪೈಪು ಭಾಳ ನಡಗಾಕತ್ತೈತಿ. ಗಾಳಿ ಎಳೀತೈತಿ."

ಮೋಟಾರು ಶುರುವಾಗಿ ಇನ್ನೂ ನಾಲ್ಕನೆಯ ಗಂಟೆ. ಹೊರಗೆ ಕೊಡಗಳ ಸಾಲು. ನೀರಿಲ್ಲದೆ ಓಡಿದರೆ ಮೋಟಾರು ಸುಡುತ್ತದೆ. ಅದನ್ನು ಮೇಲೆತ್ತಿ ರಿಪೇರಿ ಮಾಡಿಸುವವರೆಗೆ ಬಸ್ತಿಗೆ ಹನಿ ನೀರಿಲ್ಲ. ನಿಲ್ಲಿಸಿದರೆ ಗೋಡೆಯ ಮೇಲಿನ ನನ್ನ ಸಹಿ ಸುಳ್ಳಾಗುತ್ತದೆ. ನಾಚಿಕೆಯಿಂದ ಹೇಳುತ್ತೇನೆ, ಆಗ ನಾನು ನೋಡಿದ್ದು ಪೈಪನ್ನಲ್ಲ, ಆ ಕಾಗದವನ್ನು.

ನಲ್ಲಿ ಕೆಮ್ಮಿ ಕೆಂಪು ನೀರು ಉಗುಳಿತು.

"ಏ ಶರಣಪ್ಪಣ್ಣ, ಇದೇನ್ ನೀರೋ, ಇರಾನಿ ಚಾಯೋ?" ಎಂದಳು ಸಾಲಿನ ಮುಂದಿದ್ದ ಹೆಂಗಸು.

"ಬಂದ್ ಮಾಡಿ" ಎಂದೆ. ಶರಣಪ್ಪ ಸ್ವಿಚ್ ಆರಿಸಿದರು.

ನೆಲದಾಳದ ಮೋಟಾರು ಸುಟ್ಟಿದೆಯೋ ಉಳಿದಿದೆಯೋ, ಮತ್ತೆ ಸ್ವಿಚ್ ಹಾಕುವವರೆಗೆ ತಿಳಿಯುವಂತಿಲ್ಲ. ನೀರು ಏರಲೆಂದು ಒಂದು ಗಂಟೆ ಕಾಯಬೇಕು. ಸಾಲಿನಲ್ಲಿ ಒಬ್ಬರೂ ಕದಲಲಿಲ್ಲ.

"ನೀವು ಅಳತಿ ಮಾಡಿದ್ದು ಯಾವಾಗ್ರಿ?" ಶರಣಪ್ಪ ಮೆಲ್ಲಗೆ ಕೇಳಿದರು.

"ಸೋಮವಾರ ಬೆಳಿಗ್ಗೆ."

"ಅದರ ಹಿಂದಿನ ದಿನ, ಐತವಾರ, ದಿನಾಪೂರ್ತಿ ಕರೆಂಟೇ ಇರ್ಲಿಲ್ಲಲ್ರಿ! ಮಲಗಿ ಎದ್ದಾವ್ರೆಲ್ಲಾ ಪೈಲ್ವಾನ್ರೇ ಬಿಡ್ರಿ."

ಗ್ರಾನೈಟಿನ ಬಿರುಕುಗಳಿಂದ ನೀರು ಜಿನುಗಿ ಕೂಡಬೇಕು. ಇಡೀ ದಿನ ಓಡದೆ ದಣಿವಾರಿಸಿಕೊಂಡ ಬೋರ್‌ವೆಲ್ಲನ್ನು ಅಳೆದರೆ ಸಾಲದು, ಓಡುವಾಗಲೂ ಅಳೆಯಬೇಕು. ಇದು ಮೊದಲ ವರ್ಷದ ಪಾಠ. ಅದರಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು.

ಗಂಟೆ ಕಳೆಯಿತು. ಸ್ವಿಚ್ ಹಾಕಿದರು. ಕ್ಷಣಕಾಲ ಏನೂ ಇಲ್ಲ. ಆಮೇಲೆ ಒಂದು ಗುಂಯ್‌ಗುಡುವಿಕೆ; ಕೆಂಪು ತಿಳಿಯಾಗುತ್ತ ಬಂತು. ನಾನು ಹಳೆಯ ಕಾಗದ ಕಿತ್ತು ಹೊಸದು ಅಂಟಿಸಿದೆ: "ಎರಡು ಗಂಟೆ ಓಡಿಸಿ, ಒಂದು ಗಂಟೆ ಬಿಡುವು ಕೊಡಿ. ಪೈಪು ನಡುಗಿದರೆ ಯಾರನ್ನೂ ಕೇಳದೆ ನಿಲ್ಲಿಸಿ." ಈ ಸಲ ಅಕ್ಷರಗಳು ಸ್ವಲ್ಪ ಸೊಟ್ಟಗಿದ್ದವು.

ಅವ್ವ ಫೋನ್ ಮಾಡುವುದು ಭಾನುವಾರ ಬೆಳಿಗ್ಗೆ, ನಾನು ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ. "ಆರಾಮದಿಯೇನವಾ?" ಎಂದರೆ "ಆರಾಮ" ಎನ್ನುತ್ತೇನೆ. ಸುಳ್ಳೇನಲ್ಲ. ಆದರೆ ಆ ವಾರ ಬೇರೆ ಮಾತು ಹೇಳಿದೆ.

"ಗುರುವಾರ ಸಂಜಿಗೆ ಫೋನ್ ಮಾಡಬೇ, ಕೆಲಸ ಮುಗಿಸಿ ಬಂದಿರ್ತೀನಿ, ಆವಾಗ ಕೇಳು."