ಭಾವ ತಂದ ಚಿಲ್ಲರೆ

ನಮ್ಮ ಭಾವನ ಕೋಟಿನ ಬಲಗಡೆಯ ಜೇಬು ಎಡಗಡೆಯದಕ್ಕಿಂತ ಒಂದು ಬೆರಳಿನಷ್ಟು ಕೆಳಗೆ ಜೋತುಬಿದ್ದಿರುತ್ತಿತ್ತು. ಮಾತಾಡುವಾಗಲೆಲ್ಲ ಅವರು ಬಲಗೈಯನ್ನು ಆ ಜೇಬಿಗೆ ಇಳಿಬಿಟ್ಟು ಒಳಗಿದ್ದ ನಾಣ್ಯಗಳನ್ನು ಕಲಕುತ್ತಿದ್ದರು. ಝಣ್ ಝಣ್ ಎಂದು ಸದ್ದಾಗಬೇಕು, ಎದುರಿಗಿದ್ದವರು ಏನದು ಎಂದು ಕೇಳಬೇಕು, ಆಗ ಇವರು "ಓ, ಇದಾ? ಫಾರಿನ್ ಚಿಲ್ಲರೆ, ತೆಗೆದಿಡೋಕೆ ಮರ್ತೇಹೋಯ್ತು" ಎನ್ನಬೇಕು. ಏಪ್ರಿಲ್ ತಿಂಗಳಲ್ಲಿ, ಹಲಸೂರಿನ ನಮ್ಮ ಶೀಟಿನ ಮನೆಯಲ್ಲಿ, ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ನಿಂತಾಗಲೂ ಅವರು ಆ ಕೋಟು ಬಿಚ್ಚಿದ್ದನ್ನು ನಾನು ಕಾಣೆ. ಬಿಚ್ಚಿ ಗೂಟಕ್ಕೆ ಹಾಕಿದರೆ ಸದ್ದು ಹೇಗೆ ಬರಬೇಕು?

ಭಾವ ಎಂದರೆ ನನ್ನ ಅಕ್ಕನ ಗಂಡ. ಇಂದಿರಾನಗರದಲ್ಲಿ ಸ್ವಂತ ಮನೆ, ಕೆ.ಆರ್. ಪುರಂ ಆಚೆಯ ಒಂದು ಕಾರ್ಖಾನೆಯಲ್ಲಿ ಪರ್ಚೇಸ್ ಮ್ಯಾನೇಜರ್ ಕೆಲಸ. ಯಂತ್ರಗಳ ಬಿಡಿಭಾಗ ಕೊಳ್ಳಲು ಕಂಪನಿಯವರು ಅವರನ್ನು ಆಗಾಗ ಜರ್ಮನಿಗೆ, ಒಮ್ಮೊಮ್ಮೆ ಸಿಂಗಪುರಕ್ಕೆ ಕಳಿಸುತ್ತಿದ್ದರು. ತೊಂಬತ್ತರ ದಶಕದ ನಡುಭಾಗ ಅದು. ನಮ್ಮ ಕಡೆಯವರಲ್ಲಿ ಆಗ ವಿಮಾನ ಹತ್ತಿದ್ದವರು ಅವರೊಬ್ಬರೇ. ದಾವಣಗೆರೆಯಿಂದ ನಮ್ಮಮ್ಮ ಬಂದರೆ ಈ ಅಳಿಯ ಎದುರಿಗೆ ಬಂದ ಕೂಡಲೇ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದಳು. ಎರಡನೇ ಅಳಿಯ, ಅಂದರೆ ನನ್ನ ಗಂಡ, ಬಂದರೆ ಕೂತಲ್ಲಿಂದಲೇ "ಬಾರಪ್ಪ" ಎನ್ನುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತೇ ಎಂದು ಕೇಳಿದರೆ, ಹೌದು, ಉರಿಯುತ್ತಿತ್ತು. ಆದರೆ ಹೊಟ್ಟೆಯುರಿ ಇಲ್ಲದವರು ನೋಡಿದ್ದರೂ ಆ ಮನುಷ್ಯ ಜಂಭದ ಕೋಳಿಯಾಗಿಯೇ ಕಾಣುತ್ತಿದ್ದರು.

"ಅಲ್ಲೆಲ್ಲ ಹಿಂಗಲ್ಲ." ಇದು ಅವರ ಮಂತ್ರ. ನನ್ನ ಕಾಫಿ ಒಂದು ಗುಟುಕು ಕುಡಿದು "ಅಲ್ಲೆಲ್ಲ ಹಿಂಗಲ್ಲ". ನಮ್ಮ ಬೀದಿಯ ಮೋರಿ ನೋಡಿ, ನಲ್ಲಿಯ ಮುಂದಿನ ಬಿಂದಿಗೆಗಳ ಸಾಲು ನೋಡಿ ಅದೇ ಮಾತು. ಸ್ಟಾರ್ಟ್ ಆಗದ ಸ್ಕೂಟರನ್ನು ನನ್ನ ಗಂಡ ಬಾಗಿಸಿ ಒದೆಯುತ್ತಿದ್ದರೆ ಪಕ್ಕದಲ್ಲಿ ನಿಂತು ಮೂಗಿಗೆ ಕರ್ಚೀಫು ಹಿಡಿದು ಮತ್ತೆ ಅದೇ ಮಾತು. ಹಾಗಾದರೆ ಅಲ್ಲೆಲ್ಲ ಹೇಗೆ ಎಂದು ಕೇಳಿದರೆ ಜೇಬಿನ ಚಿಲ್ಲರೆ ಕಲಕುತ್ತಿದ್ದರು. ಗೊತ್ತಿದ್ದರೆ ತಾನೇ ಹೇಳುವುದು? ಅವರು ಕಂಡಿದ್ದು ಹೋಟೆಲು, ಕಾರು ಮತ್ತು ಕಾರ್ಖಾನೆ. ಬಿಲ್ಲಿಗೆ ಕಂಪನಿ ಇತ್ತು. ಇಲ್ಲಾದರೂ ಏನು ಕೊಂಡು ಗೊತ್ತಿತ್ತು? ಒಮ್ಮೆ ಅಕ್ಕನಿಗೆ ಜ್ವರ ಬಂದು ನಾನು ಅವರನ್ನು ಹಲಸೂರು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಕೊತ್ತಂಬರಿ ಕಟ್ಟು ಮಾರುವ ಹೆಂಗಸಿನ ಮುಂದೆ ನಿಂತು ಈ ಪರ್ಚೇಸ್ ಮ್ಯಾನೇಜರು ಹತ್ತು ರೂಪಾಯಿ ಕೊಟ್ಟು ಒಂದೇ ಕಟ್ಟು ಹಿಡಿದು ಹೊರಟರು. ಅವಳೇ ಪಾಪ ಕೂಗಿ ಕರೆದು ಚಿಲ್ಲರೆ ಕೊಟ್ಟಳು.

ಊರಿಗೆ ಹಿಂದಿರುಗಿದಾಗಲೆಲ್ಲ ಅವರ ಇಬ್ಬರು ಗಂಡುಮಕ್ಕಳಿಗೆ ಬ್ಯಾಟರಿ ಕಾರು, ವಾಕ್‌ಮನ್, ಬೂಟು. ಅಕ್ಕನಿಗೆ ಸೆಂಟು. ನನ್ನ ಮಗಳು ಪುಟ್ಟಿಗೆ ಚಿಲ್ಲರೆ. ಅದೂ ಎಂಥ ಚಿಲ್ಲರೆ! ವಿಮಾನ ನಿಲ್ದಾಣದಲ್ಲಿ ದುಡ್ಡು ಬದಲಾಯಿಸಿಕೊಡುವವರು ನೋಟು ಮಾತ್ರ ತೆಗೆದುಕೊಳ್ಳುತ್ತಾರೆ, ನಾಣ್ಯ ಮುಟ್ಟುವುದಿಲ್ಲ ಎಂದು ಅಕ್ಕನೇ ಒಮ್ಮೆ ಬಾಯ್ತಪ್ಪಿ ಹೇಳಿದ್ದಳು. ಉಳಿದವುಗಳಲ್ಲೂ ದೊಡ್ಡ ನಾಣ್ಯಗಳನ್ನು ಮುಂದಿನ ಪ್ರಯಾಣಕ್ಕೆಂದು ತೆಗೆದಿಟ್ಟು, ಯಾವುದಕ್ಕೂ ಬಾರದವನ್ನು ಆರಿಸಿ ನಮ್ಮ ಮನೆಗೆ ತರುತ್ತಿದ್ದರು. ಕೊಡುವ ಠೀವಿ ಮಾತ್ರ ಮಹಾರಾಜರದು. "ಪುಟ್ಟಿ, ಕೈ ಚಾಚು. ಒಂದಲ್ಲ, ಎರಡೂ ಕೈ." ಮಗು ಬೊಗಸೆ ಒಡ್ಡುತ್ತಿತ್ತು. ಇವರು ಮೇಲಿಂದ ಒಂದೊಂದಾಗಿ ಬೀಳಿಸುತ್ತಿದ್ದರು.

ನನಗೆ ಆ ಚಿಲ್ಲರೆಯನ್ನು ಬಾಗಿಲಾಚೆ ಎಸೆಯುವಷ್ಟು ಸಿಟ್ಟು. ಆದರೆ ಪುಟ್ಟಿಗೆ ಬೇಕಾಗಿದ್ದೂ ಅದೇ. ಅವಳಿನ್ನೂ ಯುಕೆಜಿ. ಯಾವ ನಾಣ್ಯ ಕೊಟ್ಟರೂ ಮೊದಲು ಅದರ ಮೇಲೆ ಒಂದರ ಅಂಕಿ ಇದೆಯೇ ಎಂದು ನೋಡುತ್ತಿದ್ದಳು. ಇದ್ದರೆ ಇಟ್ಟುಕೊಳ್ಳುವಳು, ಇಲ್ಲದಿದ್ದರೆ ವಾಪಸು. "ಎಲ್ಲಾ ದೇಶದಲ್ಲೂ ಒಂದು ಒಂದೇ ಥರ ಬರೀತಾರೆ ಅಲ್ವಾ ಅಮ್ಮಾ?" ಎಂದು ಅವಳಿಗೆ ಖುಷಿಯೋ ಖುಷಿ. ಹೀಗಾಗಿ ಭಾವನ ಜಿಪುಣತನಕ್ಕೂ ನನ್ನ ಮಗಳ ಆಸೆಗೂ ಚೆನ್ನಾಗಿ ಹೊಂದಿಕೆಯಾಗಿಬಿಟ್ಟಿತು. ಇದು ನನಗೆ ಇನ್ನೂ ಕಿರಿಕಿರಿ.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ನೆಲದ ಮೇಲೆ ಪೇಪರು ಹಾಸಿಕೊಂಡು ಕೂರುತ್ತಿದ್ದೆವು. ಮುಚ್ಚಳ ಕಳೆದುಹೋದ ನನ್ನ ಹಳೆಯ ಮಸಾಲೆ ಡಬ್ಬಿಯ ಒಂದೊಂದು ಬಟ್ಟಲೂ ಒಂದೊಂದು ದೇಶ. ಸಾಸಿವೆ ಬಟ್ಟಲು ಸಿಂಗಪುರ, ಜೀರಿಗೆಯದು ಜರ್ಮನಿ. ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ನೆನೆಸಿ ಉಜ್ಜಿದರೆ ಆ ಕೆಂಪು ಕಾಸುಗಳು ಹೊಸದಾಗಿ ಹೊಳೆಯುತ್ತಿದ್ದವು. ಜರ್ಮನಿಯ ಪುಟ್ಟ ಕಾಸಿಗೆ ಫೆನಿಂಗ್ ಎಂದು ಹೆಸರು. ಒಂದರ ಅಕ್ಕಪಕ್ಕ ಎರಡು ತೆನೆ. "ಭತ್ತದ ತೆನೆ! ಅವರೂ ನಮ್ ಥರ ಅನ್ನ ಉಣ್ತಾರಾ?" ಎಂದು ಪುಟ್ಟಿ ಕೇಳುತ್ತಿದ್ದಳು. ಹಳೆಯ ರೇಡಿಯೋದಿಂದ ಕಿತ್ತ ಅಯಸ್ಕಾಂತ ಹಿಡಿದರೆ ಫೆನಿಂಗು ಚಕ್ಕನೆ ಅಂಟಿಕೊಳ್ಳುತ್ತಿತ್ತು, ನಮ್ಮ ಕಾಸು ಕೆಲವು ಅಂಟುತ್ತಿದ್ದವು, ಕೆಲವು ಇಲ್ಲ. ಇದು ಯಾಕೆ ಹೀಗೆ ಎಂದು ನಾವಿಬ್ಬರೂ ಮಧ್ಯಾಹ್ನದವರೆಗೆ ಚರ್ಚಿಸುತ್ತಿದ್ದೆವು. ಆ ಭಾನುವಾರಗಳು ನನಗೂ ಇಷ್ಟವಾಗಿದ್ದವು.

ಒಂದು ದಿನ ಪುಟ್ಟಿ ಭಾವನನ್ನೇ ಕೇಳಿದಳು. "ದೊಡ್ಡಪ್ಪ, ಈ ಕಾಸಿಗೆ ಅಲ್ಲಿ ಏನ್ ಬರತ್ತೆ?"

ಭಾವನಿಗೇನು ಗೊತ್ತು? ಫೆನಿಂಗ್ ಕೊಟ್ಟು ಏನನ್ನಾದರೂ ಕೊಂಡಿದ್ದರಲ್ಲವೇ ಗೊತ್ತಿರುವುದು? ಆದರೂ, "ಏನ್ ಅಂದ್ಕೊಂಡಿದ್ದೀಯಾ ಇದನ್ನ? ಇದೊಂದು ಕೊಟ್ರೆ ಇಷ್ಟುದ್ದ ಚಾಕಲೇಟ್ ಬರತ್ತೆ" ಎಂದು ಮೊಣಕೈವರೆಗೆ ಅಳತೆ ತೋರಿಸಿದರು. ಅದು ಅವರ ನಾಣ್ಯಗಳಲ್ಲೆಲ್ಲ ಚಿಕ್ಕದು, ಅದಕ್ಕೆ ಚಾಕಲೇಟಿನ ಕಾಗದವೂ ಬರುವುದಿಲ್ಲ ಎಂದು ಜರ್ಮನಿ ನೋಡದ ನನಗೇ ಗೊತ್ತಿತ್ತು.

ಮುಂದಿನ ಪ್ರಯಾಣಕ್ಕೆ ಬೀಳ್ಕೊಡಲು ಎಂದಿನಂತೆ ಮೆಟಡೋರ್ ತುಂಬ ಜನ ಏರ್‌ಪೋರ್ಟಿಗೆ ಹೋದೆವು. ಆಗ ಅದೊಂದು ಪದ್ಧತಿ. ಒಬ್ಬರು ಬೊಂಬಾಯಿ ವಿಮಾನ ಹತ್ತಿದರೆ ಇಪ್ಪತ್ತು ಜನ ಹಾರ, ಕುಂಕುಮ, ಪುಳಿಯೋಗರೆ ಸಮೇತ ಹೋಗಿ ಗಾಜಿನಾಚೆ ನಿಂತು ಕೈಬೀಸುವುದು. ಎಲ್ಲರ ಮುಂದೆ ಪುಟ್ಟಿ ಒಂದು ಫೆನಿಂಗನ್ನು ಭಾವನ ಕೈಗಿಟ್ಟು, "ದೊಡ್ಡಪ್ಪ, ಇದಕ್ಕೆ ಚಾಕಲೇಟ್ ತಗೊಂಬನ್ನಿ" ಎಂದಳು. ಭಾವ ನಕ್ಕು ಕೆನ್ನೆ ಚಿವುಟಿದರು. ಬರುವಾಗ ವಿಮಾನದಲ್ಲಿ ಕೊಟ್ಟಿದ್ದೋ ಯಾರೋ ಉಡುಗೊರೆ ಕೊಟ್ಟಿದ್ದೋ, ಒಂದು ಉದ್ದನೆಯ ಚಾಕಲೇಟು ತಂದು, "ತಗೋ, ನಿನ್ ಕಾಸಿಂದು" ಎಂದರು.

ಪುಟ್ಟಿ ನಂಬಿದಳು. ನಂಬಿದ್ದಲ್ಲದೆ ಶಾಲೆಗೆ ಹೋಗಿ ತನ್ನ ಕ್ಲಾಸಿನ ಎಲ್ಲರಿಗೂ ಮಾತು ಕೊಟ್ಟುಬಂದಳು. ತನ್ನ ಬಳಿ ಬಟ್ಟಲು ತುಂಬ ಫೆನಿಂಗ್ ಇದೆ, ದೊಡ್ಡಪ್ಪ ಮತ್ತೆ ಹೋದಾಗ ಎಲ್ಲರಿಗೂ ಒಂದೊಂದು ಚಾಕಲೇಟ್, ಟೀಚರಿಗೂ ಒಂದು. ಮಕ್ಕಳು ದಿನಾ ಕೇಳತೊಡಗಿದವು. "ಯಾವಾಗ್ ಬರ್ತಾರೆ ನಿನ್ ದೊಡ್ಡಪ್ಪ? ನೀನು ಬರೀ ಸುಳ್ಳಿ." ಅವಳು ಮನೆಗೆ ಬಂದು ಊಟ ಬಿಟ್ಟು ಅಳುವುದು. ಅದು ದೊಡ್ಡಪ್ಪ ತಮ್ಮ ದುಡ್ಡಿನಲ್ಲಿ ತಂದಿದ್ದು ಎಂದು ನಾನು ಹೇಳಿದರೆ, "ಇಲ್ಲ, ನನ್ ಕಾಸಿಂದೇ. ದೊಡ್ಡಪ್ಪನೇ ಹೇಳಿದ್ರು" ಎಂದು ನನ್ನನ್ನೇ ಸುಳ್ಳುಗಾತಿ ಮಾಡಿದಳು.

ನಾನು ಇಂದಿರಾನಗರಕ್ಕೆ ಹೋದೆ. "ಭಾವ, ಸುಳ್ಳು ಹೇಳಿದೋರು ನೀವು. ನಿಜಾನೂ ನೀವೇ ಹೇಳಿ" ಎಂದೆ.

"ಅಯ್ಯೋ, ಮಕ್ಕಳು ಕಣಮ್ಮ. ನಾಳೆ ಮರ್ತುಬಿಡ್ತವೆ" ಎಂದು ಪೇಪರಿನ ಹಾಳೆ ತಿರುವಿದರು.

"ಅವಳು ಮರೆಯಲ್ಲ. ಕ್ಲಾಸಲ್ಲಿ ಅವಳ ಮಾನ ಹೋಗ್ತಿದೆ."

"ಅಲ್ಲೆಲ್ಲ ಮಕ್ಕಳಿಗೆ ಇಷ್ಟು ಸದರ ಕೊಡಲ್ಲ" ಎಂದರು. ಆ ಹೊತ್ತು ಆ ಮನುಷ್ಯನ ಮೇಲೆ ನನಗೆ ಹುಟ್ಟಿದ ತಾತ್ಸಾರ ಇವತ್ತಿಗೂ ಬಿಸಿಯಾಗಿಯೇ ಇದೆ.

ಮತ್ತೆ ಏರ್‌ಪೋರ್ಟು. ಪುಟ್ಟಿ ಜೀರಿಗೆ ಬಟ್ಟಲನ್ನು ಪೂರ್ತಿ ಒಂದು ಕರ್ಚೀಫಿಗೆ ಸುರಿದು ಗಂಟುಕಟ್ಟಿ ತಂದಿದ್ದಳು. "ಎಲ್ಲರಿಗೂ ಒಂದೊಂದು ದೊಡ್ಡಪ್ಪ. ಮರೀಬೇಡಿ. ನಾನು ಸುಳ್ಳಿ ಅಂತಾರೆ." ಭಾವ ನನ್ನ ಕಡೆ ನೋಡಿದರು. ನಾನು ಬೇಕೆಂದೇ ಬೇರೆ ಕಡೆ ನೋಡಿದೆ. ಕೊನೆಗೆ ಗಂಟನ್ನು ತೆಗೆದುಕೊಂಡು, "ಆಯ್ತು ಪುಟ್ಟಿ, ಆರ್ಡರ್ ಬುಕ್ ಆಯ್ತು" ಎಂದು ಒಳಗೆ ನಡೆದರು. ಈಗ ಸಿಕ್ಕಿಬಿದ್ದರು ಎಂದು ನನಗೆ ಒಳಗೊಳಗೇ ಸಂತೋಷ. ದಿನಭತ್ಯೆಯಲ್ಲಿ ಒಂದು ಕಾಸೂ ಬಿಚ್ಚದೆ ಉಳಿಸಿ ತಮ್ಮ ಮಕ್ಕಳಿಗೆ ಬೂಟು ತರುವವರು ಅವರು. ಒಂದು ಕ್ಲಾಸಿಗೆ ಚಾಕಲೇಟು ತರುವ ಜನವಲ್ಲ.

ತರಲಿಲ್ಲ ಕೂಡ. ಬಂದ ದಿನವೇ ನೇರವಾಗಿ ನಮ್ಮ ಮನೆಗೆ ಬಂದು ಪುಟ್ಟಿಯ ಮುಂದೆ ಒಂದು ಪ್ಲಾಸ್ಟಿಕ್ ಚೀಲ ಬೋರಲು ಹಾಕಿದರು. ನೆಲದ ತುಂಬ ಜಾಮ್! ಒಬ್ಬರು ಒಂದು ಸಲ ತಿನ್ನುವಷ್ಟು, ಬೆರಳಲ್ಲಿ ಸುಲಿಯುವ ಮುಚ್ಚಳದ ಪುಟಾಣಿ ಡಬ್ಬಿಗಳು. ಕೆಂಪು, ಹಳದಿ, ನಡುವೆ ಕೆಲವು ಜೇನುತುಪ್ಪದವು. "ಚಾಕಲೇಟ್ ಖಾಲಿಯಾಗಿತ್ತು ಪುಟ್ಟಿ. ಜಾಮ್ ಆಗತ್ತಾ ಅಂದ್ರು. ನಿನ್ ಕ್ಲಾಸಿಗೆ ಅಂದಿದ್ದಕ್ಕೆ ಕಾಸೂ ಬೇಡ ಅಂದ್ಬಿಟ್ರು" ಎಂದು ಕರ್ಚೀಫಿನ ಗಂಟನ್ನೂ ವಾಪಸು ಕೊಟ್ಟರು. ರಾಶಿಯಲ್ಲಿ ಸಕ್ಕರೆಯ ಪೊಟ್ಟಣ ಒಂದೆರಡು ಸೇರಿಕೊಂಡಿದ್ದವು. ಅವುಗಳ ಮೇಲೆ ಹೋಟೆಲಿನ ಚಿತ್ರ ಅಚ್ಚಾಗಿತ್ತು.

"ಹೋಟೆಲ್ ತಿಂಡಿ ಟೇಬಲ್ದಾ ಭಾವ?" ಎಂದೆ.

"ಅಲ್ಲೆಲ್ಲ ಇದು ಫ್ರೀ ಕಣಮ್ಮ. ಎಷ್ಟು ಬೇಕಾದ್ರೂ ತಗೋಬಹುದು." ಕಣ್ಣು ಮಿಟುಕಿಸಲಿಲ್ಲ.

ಮರುದಿನ ಕ್ಲಾಸಿನ ಮಕ್ಕಳೆಲ್ಲ ಬೆರಳು ನೆಕ್ಕಿದವು, ಟೀಚರೂ ನೆಕ್ಕಿದರಂತೆ. ಪುಟ್ಟಿ ರಾಣಿಯ ಹಾಗೆ ಮನೆಗೆ ಬಂದಳು. ನಾನು ಈ ಜಾಮಿನ ಕಥೆಯನ್ನು ನನ್ನ ಆಫೀಸಿನಲ್ಲಿ ವರ್ಷಗಟ್ಟಲೆ ಹೇಳಿ ನಗಿಸಿದ್ದೇನೆ. ಕೋಟು ಹಾಕಿಕೊಂಡು ಜಾಮ್ ಕದಿಯುವ ಮ್ಯಾನೇಜರು ಎಂದು ನಟಿಸಿ ತೋರಿಸುತ್ತಿದ್ದೆ.

ಆಮೇಲೆ ಫೆನಿಂಗು ಹೋಗಿ ಯೂರೋ ಬಂತು. ಕಾರ್ಖಾನೆಯವರು ಭಾವನನ್ನು ಕಳಿಸುವುದು ನಿಲ್ಲಿಸಿದರು, ಆಮೇಲೆ ಅವರು ನಿವೃತ್ತರೂ ಆದರು. ಜಂಭ ಮಾತ್ರ ನಿವೃತ್ತಿಯಾಗಲಿಲ್ಲ. ಮಾರತ್ತಹಳ್ಳಿ ರಿಂಗ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಕೂತಾಗಲೂ ಅದೇ, ಅಲ್ಲೆಲ್ಲ ಹಿಂಗಲ್ಲ. ಪುಟ್ಟಿ ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಿಗ್ಗೆ ಎದೆನೋವು ಎಂದರು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಮಾತಾಡಿಸಲು ಬಂದವರಲ್ಲಿ ಒಬ್ಬ ಅವರ ಕೈಕೆಳಗೆ ಕೆಲಸ ಮಾಡಿದವನು, ಈಗ ದೊಡ್ಡ ಹುದ್ದೆಯಲ್ಲಿದ್ದ. ಹಜಾರದಲ್ಲಿ ನಾನು ಕೊಟ್ಟ ಕಾಫಿ ಕುಡಿಯುತ್ತ, ದನಿ ತಗ್ಗಿಸಿ ಶುರುಮಾಡಿದ. "ಒಳ್ಳೇ ಮನುಷ್ಯ ಮೇಡಂ, ಆದ್ರೆ ಒಂದ್ಸಲ ಜರ್ಮನಿಯಲ್ಲಿ ನಮ್ ಮಾನ ಕಳೆದುಬಿಟ್ರು. ಸಂಜೆ ಆದ್ರೆ ಒಂದು ಕರ್ಚೀಫ್ ಬಿಚ್ಕೊಂಡು ಅಂಗಡಿ ಅಂಗಡಿ ಸುತ್ತೋರು. ಇದಕ್ಕೆ ಏನ್ ಕೊಡ್ತೀರಾ ಅಂತ. ಒಬ್ಬ ಅಂಗಡಿಯವನು ಭಿಕ್ಷೆಯೋನು ಅಂದ್ಕೊಂಡು ಆಚೆ ಕಳಿಸ್ದ. ಆಮೇಲೆ ಬೆಳಗ್ಗೆ ತಿಂಡಿ ಹಾಲಲ್ಲಿ ಜಾಮ್ ಎಲ್ಲಾ ಬ್ರೀಫ್‌ಕೇಸಿಗೆ ತುಂಬೋಕೆ ಶುರುಮಾಡಿದ್ರು. ಬಡಿಸೋ ಹುಡುಗಿ ನೋಡಿ ಬ್ರೀಫ್‌ಕೇಸ್ ತೆಗೆಸಿದ್ಲು. ಎದುರಿಗೆ ಆ ಕಂಪನಿ ದೊಡ್ಡೋರೆಲ್ಲ ಕೂತಿದ್ದಾರೆ, ರೇಟ್ ಮಾತಾಡಕ್ಕೆ ಬಂದೋರು. ಕೊಟೇಷನ್ ಪೇಪರ್ ಮೇಲೆಲ್ಲ ಜಾಮ್!"

"ಆಮೇಲೆ?" ಎಂದೆ.

"ಎದ್ದು ನಿಂತು ಆ ಹುಡುಗಿಗೆ ಕೈ ಮುಗಿದ್ರು ಮೇಡಂ, ಎಲ್ಲರ ಮುಂದೆ. ಫಾರ್ ಮೈ ಡಾಟರ್ಸ್ ಕ್ಲಾಸ್ ಅಂದ್ರು. ಅವಳು ಪಾಪ ಒಳಗಿಂದ ಇನ್ನೊಂದು ಟ್ರೇ ತಂದ್ಕೊಟ್ಲು." ಅವನು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದ. "ಇವರಿಗೆ ಇಬ್ಬರೂ ಗಂಡುಮಕ್ಕಳೇ ಅಲ್ವಾ? ಎಲ್ಲಿಂದ ಬರ್ಬೇಕು ಮಗಳು? ಅಲ್ಲೂ ಬಂಡಲ್ ಬಿಟ್ಟಿದ್ದಾರೆ ನೋಡಿ."

ನನಗೆ ಮೈಯೆಲ್ಲ ಉರಿಯಿತು. ಭಾವನನ್ನು ನಾನು ಏನಾದರೂ ಅನ್ನಬಹುದು, ಜೀವಮಾನವೆಲ್ಲ ಅಂದಿದ್ದೇನೆ, ಇನ್ನೂ ಅನ್ನುತ್ತೇನೆ. ಇವನು ಯಾರು ಅನ್ನುವುದಕ್ಕೆ? ಒಳಕೋಣೆಯ ಬಾಗಿಲು ತೆರೆದಿತ್ತು. ಬೆಳಗಿನಿಂದ ಒಂದು ತೊಟ್ಟು ನೀರೂ ಮುಟ್ಟದ ಪುಟ್ಟಿ ನನ್ನ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

"ಮಗಳಿದ್ದಾಳೆ" ಎಂದೆ. "ಅಲ್ಲಿ ಒಳಗಡೆ, ಅಕ್ಕನ ಹತ್ರ ಇದ್ದಾಳಲ್ಲ, ಅವಳೇ. ಕಾಫಿ ಕುಡಿದಾಯ್ತಲ್ಲ, ಎದ್ದು ಹೋಗಿ ಮಾತಾಡಿಸಿ."